ವಿಶ್ವಾಮಿತ್ರಿಯ ಮರಿ

(ಮಕರಪುರದ ಕನ್ನಡ ಕುಟುಂಬಗಳ ಮಕ್ಕಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಂಜೆ ನನಗೆ ಒಪ್ಪಿಸಿರುವ ಕೆಲಸ ಮೇಲುನೋಟಕ್ಕೆ ಚಿಕ್ಕದು. ಮಕ್ಕಳಿಗೆ ಒಂದು ಕತೆ ಹೇಳಬೇಕು, ಅದು ನಮ್ಮ ಊರಿನದಾಗಿರಬೇಕು ಎಂದು ಕಾರ್ಯದರ್ಶಿಗಳು ಆಜ್ಞೆ ಮಾಡಿದ್ದಾರೆ. ನಾಡುನುಡಿಗಳ ಬಗೆಗೆ ವೇದಿಕೆಯಿಂದ ಗಂಟೆಗಟ್ಟಲೆ ಮಾತನಾಡುವುದು ನಮ್ಮಂಥವರಿಗೆ ಅಭ್ಯಾಸವಾಗಿ ಹೋಗಿದೆ. ದೊಡ್ಡವರು ಬೇಸರವಾದರೂ ಮರ್ಯಾದೆಗೆ ಕುಳಿತಿರುತ್ತಾರೆ. ಮಕ್ಕಳು ಹಾಗಲ್ಲ, ಕತೆ ಹಳಸಿದ್ದರೆ ಎದ್ದು ಹೋಗುತ್ತಾರೆ. ಅಂಥ ನ್ಯಾಯಾಧೀಶರ ಮುಂದೆ ನಿಂತಿದ್ದೇನೆಂಬ ಅಳುಕು ನನಗಿದೆ.

‘ನಮ್ಮ ಊರು’ ಎಂದರೆ ಯಾವ ಊರು ಎಂದು ಒಂದು ಕ್ಷಣ ಯೋಚಿಸಬೇಕಾಯಿತು. ನಾನು ಹುಟ್ಟಿದ್ದು ಕುಂಬಳೆಯ ಸಮೀಪ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಹೀಗಾಗಿ ನಾನು ತೊಟ್ಟಿಲಲ್ಲಿ ಮಲಗಿದ್ದಾಗಲೇ ಹೊರನಾಡ ಕನ್ನಡಿಗನಾದೆ. ಆಮೇಲೆ ಹೊಟ್ಟೆಪಾಡು ನನ್ನನ್ನು ಮಕರಪುರದ ಜಿ.ಐ.ಡಿ.ಸಿ.ಯ ಕಾರ್ಖಾನೆಯೊಂದಕ್ಕೆ ತಂದಿತು. ನಲವತ್ತು ವರ್ಷಗಳಿಗೂ ಮಿಕ್ಕಿ ಇಲ್ಲಿಯ ನೀರು ಕುಡಿದಿದ್ದೇನೆ. ಎದುರಿಗಿರುವ ಈ ಮಕ್ಕಳಿಗಂತೂ ಊರೆಂದರೆ ಇದೇ. ಆದ್ದರಿಂದ ಕತೆಯನ್ನು ಇಲ್ಲಿಂದಲೇ, ವಡೋದರದ ನಡುವೆ ಹರಿಯುವ ವಿಶ್ವಾಮಿತ್ರಿಯ ದಡದಿಂದಲೇ ಎತ್ತಿಕೊಳ್ಳುತ್ತೇನೆ.

2024ರ ಆಗಸ್ಟ್ ತಿಂಗಳ ಕೊನೆಯ ವಾರ ನಿಮಗೆಲ್ಲ ನೆನಪಿದೆ. ವಿಶ್ವಾಮಿತ್ರಿಗೆ 25 ಅಡಿ ಎಂದರೆ ಅಪಾಯದ ಮಟ್ಟ. ಆ ಸಲ ನೀರು 35 ಅಡಿಯನ್ನೂ ಮೀರಿತು. ನದಿ ಊರಿಗೆ ಬಂದಾಗ ನದಿಯ ನಿವಾಸಿಗಳೂ ಜೊತೆಗೆ ಬಂದರು. ಆಗಸ್ಟ್ 27ರಿಂದ 29ರವರೆಗಿನ ಮೂರೇ ದಿನಗಳಲ್ಲಿ 24 ಮೊಸಳೆಗಳನ್ನು ವಸತಿ ಪ್ರದೇಶಗಳಿಂದ ಹಿಡಿದು ರಕ್ಷಿಸಲಾಯಿತು. ಅವುಗಳಲ್ಲಿ ದೊಡ್ಡದು 14 ಅಡಿ; ತೀರ ಚಿಕ್ಕದು 2 ಅಡಿ. ದೊಡ್ಡದರ ಚಿತ್ರವನ್ನು ದೇಶವೆಲ್ಲ ನೋಡಿತು. ಚಿಕ್ಕದನ್ನು ಕುರಿತು ಯಾರೂ ಹೆಚ್ಚು ಮಾತನಾಡಲಿಲ್ಲ.

ಅದೇ ವಾರ ವಡಸರ್ ಕಡೆಯಲ್ಲಿರುವ ನಮ್ಮ ಪರಿಚಯದ ಮನೆಯೊಂದಕ್ಕೆ ಹಾಲು, ಬ್ರೆಡ್ಡು ಮುಟ್ಟಿಸಲು ಹೋಗಿದ್ದೆ. ನೀರು ಆಗತಾನೆ ಇಳಿಯತೊಡಗಿತ್ತು. ಮೆಟ್ಟಿಲ ಕೆಳಗೆ, ಕೆಸರು ಮೆತ್ತಿದ ಸ್ಕೂಟರಿನ ಹಿಂದೆ, ಒಂದು ಪುಟ್ಟ ಮೊಸಳೆ ಗೋಡೆಗೆ ಒತ್ತಿಕೊಂಡು ಬಾಯಿ ತೆರೆದು ನಿಂತಿತ್ತು. ಅದೂ ಎರಡಡಿಯ ಆಸುಪಾಸಿನದೇ. ಸುತ್ತ ಇಪ್ಪತ್ತು ಜನ. ಕೆಲವರ ಕೈಯಲ್ಲಿ ಕೋಲು, ಉಳಿದವರ ಕೈಯಲ್ಲಿ ಮೊಬೈಲು. ಪಕ್ಕದ ಮನೆಯ ಮುದುಕಿ, ನಾವೆಲ್ಲ ‘ಬಾ’ ಎಂದು ಕರೆಯುವ ಗುಜರಾತಿ ತಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ನಿಂತು ಗದರಿದರು: “ಇದು ಖೋಡಿಯಾರ್ ಮಾತೆಯ ವಾಹನ. ಒಬ್ಬರೂ ಮುಟ್ಟಕೂಡದು, ದೂರ ಸರಿಯಿರಿ.” ಕೋಲುಗಳು ಕೆಳಗಿಳಿದವು. ಸಂಜೆಯ ಹೊತ್ತಿಗೆ ಪ್ರಾಣಿರಕ್ಷಣೆಯ ಹುಡುಗರು ಬಂದು ಅದನ್ನು ಒಯ್ದರು.

ನನ್ನ ಬೆರಳು ಹಿಡಿದು ನಿಂತಿದ್ದ ಏಳು ವರ್ಷದ ಹುಡುಗನೊಬ್ಬ ಆಗ ಕೇಳಿದ: “ಅಜ್ಜಾ, ಅದಕ್ಕೂ ಹೆದರಿಕೆ ಆಗ್ತದಾ?”

“ಆಗ್ತದೆ ಮಗಾ” ಎಂದು ಹೇಳಿ ಸುಮ್ಮನಾದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ನಾಲ್ಕು ದಶಕ ಈ ನದಿಯ ಪಕ್ಕದಲ್ಲಿ ಬಾಳಿದ ನನಗೆ ಮೊಸಳೆಯ ಬಗೆಗೆ ಗೊತ್ತಿದ್ದುದು ಎರಡೇ ಕತೆ: ಗಜೇಂದ್ರನ ಕಾಲು ಹಿಡಿದ ಮೊಸಳೆ, ಕೋತಿಯ ಹೃದಯ ಬಯಸಿದ ಮೊಸಳೆ. ಎರಡರಲ್ಲಿಯೂ ಅದು ಖಳನೇ. ಅದಕ್ಕೊಂದು ಬಾಲ್ಯವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಂದು ಆ ಹುಡುಗನಿಗೆ ಬಡ್ಡಿಸಹಿತ ಒಪ್ಪಿಸುತ್ತೇನೆ. ಮಕ್ಕಳೆ, ಈಗ ಕೇಳಿ.

ಮಾಘ ಫಾಲ್ಗುಣಗಳ ದಿನಗಳು. ಉತ್ತರಾಯಣದ ಗಾಳಿಪಟಗಳ ಗದ್ದಲ ಮುಗಿದಿದೆ. ಒಂದು ರಾತ್ರಿ ತಾಯಿ ಮೊಸಳೆ ನೀರಿನಿಂದ ಮೇಲೆ ಬಂದು, ದಡದ ಎತ್ತರದ ಮಣ್ಣಿನಲ್ಲಿ ಹಿಂಗಾಲುಗಳಿಂದ ಗುಂಡಿ ತೋಡಿತು. ಇಪ್ಪತ್ತೈದು ಮೂವತ್ತು ಬಿಳಿಯ ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿತು. ಕೋಳಿಯಂತೆ ಅದು ಕಾವು ಕೂರುವುದಿಲ್ಲ. ಕಾವು ಕೊಡುವವನು ಸೂರ್ಯ, ಕಾಯುವವಳು ತಾಯಿ. ಇನ್ನೊಂದು ವಿಚಿತ್ರ ಕೇಳಿ: ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ಮಣ್ಣಿನ ಬಿಸಿಯೇ ನಿರ್ಧರಿಸುತ್ತದೆ.

ಈ ಗುಂಡಿಯೊಳಗಿನ ಒಂದು ಮೊಟ್ಟೆಯಲ್ಲಿ ನಮ್ಮ ಕಥಾನಾಯಕನಿದ್ದಾನೆ. ಅವನನ್ನು ಪುಟ್ಟ ಎಂದು ಕರೆಯೋಣ. ಪುಟ್ಟ ಕಣ್ಣು ತೆರೆಯುವ ಮೊದಲೇ ಅಪಾಯ ಬಾಗಿಲಿಗೆ ಬಂದಿತ್ತು. ಉಡ ಮೂಸಿತು. ನರಿ ಕೆದಕಿತು. ಮುಂಗುಸಿ ಹೊಂಚಿತು. ತಾಯಿ ದಡಕ್ಕೆ ನುಗ್ಗಿ ಓಡಿಸಿದಳು. ಆದರೂ ಅವಳು ನೀರಿಗಿಳಿದ ಗಳಿಗೆ ನೋಡಿ ಬಂದ ಉಡವೊಂದು ಕೆಲವು ಮೊಟ್ಟೆಗಳನ್ನು ತಿಂದೇಬಿಟ್ಟಿತು. ಉಡಕ್ಕೂ ಹಸಿವಿದೆ; ಅದರ ಮೇಲೆ ಸಿಟ್ಟಾಗಬೇಡಿ.

ಎರಡು ತಿಂಗಳು ಕಳೆದವು. ವೈಶಾಖ ಜ್ಯೇಷ್ಠಗಳ ಬಿಸಿಲಿನಲ್ಲಿ ವಡೋದರ ಬಾಣಲೆಯಂತೆ ಕಾದಿದೆ. ಇನ್ನೇನು ಮಳೆ ಬರಬೇಕು. ಆಗ ಮಣ್ಣಿನೊಳಗಿಂದ ಒಂದು ಸದ್ದು ಕೇಳಿಸಿತು. ಪುಟ್ಟ ಮೊಟ್ಟೆಯೊಳಗಿಂದಲೇ ಕೂಗುತ್ತಿದ್ದಾನೆ! ಅವನ ಕೂಗಿಗೆ ಪಕ್ಕದ ಮೊಟ್ಟೆಯ ತಂಗಿ ಓಗೊಟ್ಟಳು. ಎಲ್ಲ ಮೊಟ್ಟೆಗಳಲ್ಲಿಯೂ ಗಲಾಟೆ. ಮೇಲೆ ಕಾಯುತ್ತಿದ್ದ ತಾಯಿ ತಡಮಾಡದೆ ಮಣ್ಣನ್ನು ಕೆದರಿದಳು. ಮರಿಯ ಮೂತಿಯ ತುದಿಯಲ್ಲಿ ಒಂದು ಚೂಪಾದ ಗಂಟು ಇರುತ್ತದೆ. ಚಿಪ್ಪು ಸೀಳಲೆಂದೇ ಅದಿರುವುದು. ಪುಟ್ಟ ಅದರಿಂದ ಚಿಪ್ಪು ಕೊರೆದು ಹೊರಗೆ ತಲೆ ಹಾಕಿದ. ಉದ್ದ ಒಂದು ಅಡಿ. ತೂಕ ನೂರು ಗ್ರಾಮಿನ ಆಸುಪಾಸು. ಹೊರಗೆ ಮೊದಲು ಕಂಡದ್ದೇನು? ಆಮೆಯ ಚಿಪ್ಪನ್ನೂ ಪುಡಿಮಾಡಬಲ್ಲ ಬಾಯಿ. ಆ ಬಾಯಿ ಅಗಲವಾಗಿ ತೆರೆದು ಅವನ ಮೇಲೆ ಬಾಗಿತು.

ತಿಂದುಬಿಟ್ಟಿತೆ? ಇಲ್ಲ ಮಕ್ಕಳೆ. ತಾಯಿ ಅವನನ್ನು ಹಲ್ಲುಗಳ ನಡುವೆ ಹೂವಿನಂತೆ ಎತ್ತಿಕೊಂಡು, ನಾಲಗೆಯ ಮೇಲೆ ಕೂರಿಸಿಕೊಂಡು, ನಿಧಾನವಾಗಿ ದಡ ಇಳಿದು ನೀರಿಗೆ ಬಿಟ್ಟಳು. ಒಡೆಯಲಾರದೆ ಒದ್ದಾಡುತ್ತಿದ್ದ ಮೊಟ್ಟೆಗಳನ್ನು ಬಾಯಲ್ಲಿ ಹೊರಳಿಸಿ, ಮೆಲ್ಲನೆ ಒತ್ತಿ ಬಿಡಿಸಿದಳು. ಮದರಾಸಿನ ಮೊಸಳೆ ಉದ್ಯಾನದಲ್ಲಿ ತಂದೆ ಮೊಸಳೆಯೂ ಹೀಗೆ ಮರಿ ಹೊತ್ತದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತಿರುವ ತಂದೆಯಂದಿರು ಇದನ್ನು ಗಮನಿಸಬೇಕು.

ನೀರಿನಲ್ಲಿ ಹೊಸ ಅಪಾಯಗಳು ಕಾದಿದ್ದವು. ಮೇಲೆ ಹದ್ದು, ದಡದಲ್ಲಿ ಒಂಟಿಕಾಲಿನಲ್ಲಿ ನಿಂತ ಬಕ, ಕೆಳಗೆ ದೊಡ್ಡ ಮೀನು, ಆಮೆ. ಎಲ್ಲಕ್ಕಿಂತ ಮಿಗಿಲಾಗಿ, ತನ್ನದೇ ಕುಲದ ದೊಡ್ಡ ಮೊಸಳೆಗಳು. ಮೊದಲ ಕೆಲವು ದಿನ ಪುಟ್ಟನ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಬುತ್ತಿ ಉಳಿದಿತ್ತು. ಆಮೇಲೆ ಬೇಟೆ ಕಲಿಯಲೇಬೇಕಾಯಿತು. ಮೊದಲು ನೀರ ಮೇಲಿನ ಹುಳು, ಅನಂತರ ಸಣ್ಣ ಮೀನು, ಕಪ್ಪೆ, ಏಡಿ. ಒಡಹುಟ್ಟಿದವರೆಲ್ಲ ಜೊಂಡಿನ ನಡುವೆ ಗುಂಪಾಗಿ ಇರುತ್ತಿದ್ದರು. ಒಬ್ಬ ಹೆದರಿ ಕಿರುಚಿದರೆ ಸಾಕು, ನೀರು ಸೀಳಿಕೊಂಡು ತಾಯಿ ಬರುತ್ತಿದ್ದಳು. ಒಂದು ದಿನ ಬಕ ಪುಟ್ಟನ ತಂಗಿಯನ್ನು ಕೊಕ್ಕಿನಲ್ಲಿ ಎತ್ತಿತು. ತಾಯಿ ಬಂದಳು, ಆದರೆ ತಡವಾಗಿತ್ತು.

ಇದನ್ನು ನಾನು ಮುಚ್ಚಿಡುವುದಿಲ್ಲ. ಹುಟ್ಟಿದ ಮರಿಗಳಲ್ಲಿ ದೊಡ್ಡವಾಗುವುದು ಕೆಲವೇ ಕೆಲವು. ಪುಟ್ಟ ಬದುಕಿದ್ದು ಅವನು ಶೂರನಾಗಿದ್ದನೆಂದಲ್ಲ. ಅವನು ಅಡಗಿ ಕೂರಬಲ್ಲವನಾಗಿದ್ದ, ಕೂಗಬಲ್ಲವನಾಗಿದ್ದ, ಜೊತೆಗೆ ಸ್ವಲ್ಪ ಅದೃಷ್ಟವಂತನೂ ಆಗಿದ್ದ.

ಹೀಗೆ ಒಂದು ವರ್ಷ ದಾಟಿತು. ಚಳಿಗಾಲದಲ್ಲಿ ಬಿಸಿಲು ಕಾಯಿಸಿಕೊಂಡ. ಬೇಸಗೆಯಲ್ಲಿ ನೀರು ತಗ್ಗಿದಾಗ ದಡದ ಬಿಲದಲ್ಲಿ ತಂಪಾಗಿ ಮಲಗಿದ. ಈಗ ಅವನು ಎರಡಡಿ ಉದ್ದದವ. ಆಗ ಬಂತು 2024ರ ಆ ಮಳೆ. ನೀರು ಅವನನ್ನು ಎತ್ತಿ ಒಯ್ದಿತು. ದಡವೆಲ್ಲಿ, ಬಿಲವೆಲ್ಲಿ ಒಂದೂ ತಿಳಿಯದು. ಸೆಳೆತ ಕಡಮೆಯಿದ್ದ ಕಡೆಗೆ ಈಜಿದ, ಅದು ರಸ್ತೆಯಾಗಿತ್ತು. ಕತ್ತಲೆಯಿದ್ದ ಕಡೆಗೆ ನುಸುಳಿದ. ಅದು ಮೆಟ್ಟಿಲ ಕೆಳಗಿನ ಮೂಲೆಯಾಗಿತ್ತು. ನೀರು ಇಳಿದಾಗ ಎದುರಿಗೆ ಇಪ್ಪತ್ತು ಜೊತೆ ಕಾಲುಗಳು. ಮುಂದಿನದು ನಿಮಗೆ ಗೊತ್ತು.

ನಾನು ಕಂಡ ಮರಿಯ ಬಾಲ್ಯವನ್ನು ಕಂಡವರಿಲ್ಲ. ಆದರೆ ವಿಶ್ವಾಮಿತ್ರಿಯ ಮರಿಗಳ ಬಾಳು ಇದಕ್ಕಿಂತ ಬಹಳ ಬೇರೆಯಲ್ಲ. ಆದ್ದರಿಂದ ಇದನ್ನು ಕಟ್ಟುಕತೆ ಎನ್ನಬೇಡಿ.

ಬಂಧುಗಳೆ, ಈಗ ಎರಡು ಮಾತು ದೊಡ್ಡವರಿಗೆ.

ಪಾವಾಗಢದ ಬೆಟ್ಟಗಳಲ್ಲಿ ಹುಟ್ಟಿ, ಢಾಢರ್ ನದಿಯನ್ನು ಕೂಡಿಕೊಂಡು ಖಂಭಾತ್ ಕೊಲ್ಲಿಗೆ ಹೋಗುವ ಈ ಸಣ್ಣ ಹೊಳೆ ಲೋಕದಲ್ಲಿಯೇ ಒಂದು ಅಪರೂಪ. ಲಕ್ಷಗಟ್ಟಲೆ ಜನರ ನಗರದ ಒಡಲಿನಲ್ಲಿ, ವಿಶ್ವವಿದ್ಯಾಲಯ, ಸಯಾಜಿಬಾಗ್, ಸೇತುವೆಗಳ ಕೆಳಗೆ ಮೊಸಳೆಗಳು ಸಂಸಾರ ಮಾಡಿಕೊಂಡಿವೆ. 2025ರ ಫೆಬ್ರವರಿಯ ಎಣಿಕೆಯಲ್ಲಿ 442 ಮೊಸಳೆಗಳು ಕಂಡವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿ ಇವುಗಳಿಗೆ ಸ್ಥಾನವುಂಟು. ಚರ್ಮದ ಆಸೆಗೆ ಕೊಂದು ಕೊಂದು ದೇಶದ ನದಿಗಳು ಬರಿದಾಗುವ ಹೊತ್ತಿಗೆ, 1975ರಲ್ಲಿ ಕೇಂದ್ರ ಸರಕಾರ ಮೊಸಳೆ ಸಂರಕ್ಷಣಾ ಯೋಜನೆಯನ್ನು ಆರಂಭಿಸಿತು. ಅಂಥ ಪ್ರಾಣಿ ನಮ್ಮ ಊರಿನಲ್ಲಿ ತಾನಾಗಿಯೇ ಬಾಳಿಕೊಂಡಿದೆ.

ಆದರೆ ಭಾವುಕರಾಗಿ ಮಾತನಾಡುವುದು ಸುಲಭ. ಮೊಸಳೆ ಮನುಷ್ಯನನ್ನು ಕೊಲ್ಲುತ್ತದೆ. ಗುಜರಾತಿನ ನದಿಗಳಲ್ಲಿ ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು, ಮೀನು ಹಿಡಿಯಲು ಇಳಿದವರು ಪ್ರಾಣ ಕಳೆದುಕೊಂಡಿದ್ದಾರೆ. ಅವರು ಯಾರು? ನಲ್ಲಿಯಿಲ್ಲದ ಮನೆಯವರು, ನದಿಯ ದಡ ಬಿಟ್ಟರೆ ಬೇರೆ ನೆಲೆಯಿಲ್ಲದವರು. ಆರನೆಯ ಅಂತಸ್ತಿನ ಬಾಲ್ಕನಿಯಿಂದ ಮೊಸಳೆಯನ್ನು ಮೆಚ್ಚುವವರು ಆ ತಾಯಂದಿರ ಭಯವನ್ನು ಮರೆಯಬಾರದು. ಮೊಸಳೆಯನ್ನು ಉಳಿಸುವ ಮಾತಿನ ಜೊತೆಗೆ ಅವರ ಮನೆಗೆ ನಲ್ಲಿ ನೀರು ಬರಬೇಕೆಂಬ ಮಾತೂ ಬರಬೇಕು.

ಇನ್ನು ನದಿಯ ಪಾಡು. ಊರಿನ ಕೊಳಚೆ ಅದಕ್ಕೆ ಸೇರುತ್ತದೆ. ನೆರೆ ಹಬ್ಬಲೆಂದು ಇದ್ದ ತಗ್ಗುಗಳಲ್ಲಿ ಕಟ್ಟಡಗಳು ಎದ್ದಿವೆ. 2024ರ ನೆರೆಯ ಪಾಠವಾಗಿ 2025ರ ಮಳೆಗಾಲಕ್ಕೆ ಮುನ್ನ ಹೂಳೆತ್ತುವ, ಪಾತ್ರ ಅಗಲಿಸುವ ದೊಡ್ಡ ಕೆಲಸ ನಡೆಯಿತು. ಮನೆಯೊಳಗೆ ನೀರು ನುಗ್ಗಿಸಿಕೊಂಡವರಲ್ಲಿ ಯಾರೂ ಅದನ್ನು ಬೇಡವೆನ್ನಲಾರರು, ನಾನೂ ಎನ್ನುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. ಮಳೆಗೆ ಮುಂಚಿನ ಒಣ ತಿಂಗಳುಗಳೇ ಯಂತ್ರಗಳಿಗೆ ಅನುಕೂಲ. ಪುಟ್ಟನಂಥವರು ದಡದ ಮಣ್ಣಿನಲ್ಲಿ ಮೊಟ್ಟೆಯೊಳಗಿರುವುದೂ ಅದೇ ತಿಂಗಳುಗಳಲ್ಲಿ. ಕೆಲಸ ನಿಲ್ಲಿಸಿ ಎಂಬುದು ನನ್ನ ವಾದವಲ್ಲ. ಅಗೆಯುವ ಮೊದಲು ನೋಡಿ ಅಗೆಯಿರಿ, ಗೂಡಿರುವ ದಡವನ್ನು ಕೊನೆಗೆ ಮುಟ್ಟಿ, ನದಿಗೆ ನದಿಯ ಜಾಗ ಬಿಡಿ ಎಂದು ಕೇಳುವ ಹಕ್ಕು ಈ ಊರಿನ ನಾಗರಿಕರಾದ ನಮಗೂ ಇದೆ. ‘ನಾವು ಹೊರಗಿನವರು, ನಮಗೇಕೆ’ ಎಂದು ಬಾಯಿಮುಚ್ಚಿ ಕೂರುವುದು ಹೊರನಾಡ ಕನ್ನಡಿಗರಿಗೆ ಅಂಟಿರುವ ಹಳೆಯ ಜಾಡ್ಯ.

ಹಿಂದಿನವರು ಈ ಸಹಬಾಳ್ವೆಗೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಗುಜರಾತಿನ ಖೋಡಿಯಾರ್ ಮಾತೆ ಮೊಸಳೆಯ ಮೇಲೆ ಕುಳಿತಿದ್ದಾಳೆ. 2019ರ ಜುಲೈಯಲ್ಲಿ ಮಹಿಸಾಗರ್ ಜಿಲ್ಲೆಯ ಪಲ್ಲಾ ಗ್ರಾಮದ ಖೋಡಿಯಾರ್ ಗುಡಿಯೊಳಕ್ಕೆ ಮೊಸಳೆಯೊಂದು ಬಂದು ಮಲಗಿದಾಗ ಹಳ್ಳಿಗರು ಬಡಿಗೆ ತರಲಿಲ್ಲ, ಪೂಜೆಗೆ ನಿಂತರು. ನಮ್ಮ ಕುಂಬಳೆಯ ಅನಂತಪುರದ ಕೆರೆಯ ದೇವಾಲಯದಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ನಾನು ಅಜ್ಜಿಯ ಸೊಂಟದ ಮೇಲೆ ಕುಳಿತು ನೋಡಿದವನು. ಅಕ್ಕಿ ಬೆಲ್ಲದ ನೈವೇದ್ಯಕ್ಕೆ ಹೆಸರಾಗಿದ್ದ ಅದು 2022ರ ಅಕ್ಟೋಬರ್ 9ರಂದು ತೀರಿಕೊಂಡಾಗ, ಮನೆಯ ಹಿರಿಯರು ಹೋದಂತೆ ಜನ ಬಂದು ಕಣ್ಣೀರು ಹಾಕಿದರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಹಳೇಬೀಡಿನ ಗೋಡೆಯ ಸಾಲುಗಳಲ್ಲಿ ಆನೆ, ಸಿಂಹ, ಕುದುರೆಗಳ ಜೊತೆಗೆ ಮಕರಕ್ಕೂ ಒಂದು ಸಾಲು ಮೀಸಲು. ಭಯವನ್ನು ಭಕ್ತಿಯಾಗಿ, ಶಿಲ್ಪವಾಗಿ ಮಾಡಿಕೊಂಡ ಜನ ಅವರು. ಎಲ್ಲರೂ ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ವಡಸರಿನ ಆ ‘ಬಾ’ ಶಾಸ್ತ್ರ ಓದಿದವರಲ್ಲ. ಒಂದು ಕತೆ ಬಲ್ಲವರು. ಆ ಕತೆ ಅಷ್ಟೂ ಕೋಲುಗಳನ್ನು ತಡೆಯಿತು. ಮಕ್ಕಳಿಗೆ ಕತೆ ಏಕೆ ಹೇಳಬೇಕು ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಅದು.

ನಮ್ಮ ಪಂಜೆ ಮಂಗೇಶರಾಯರೂ (1874–1937) ಈ ನೆಲದ ಗಿಜುಭಾಯಿ ಬಧೇಕಾ ಅವರೂ (1885–1939) ಒಂದೇ ಕಾಲದವರು. ಒಬ್ಬರು ಮಂಗಳೂರಿನ ಕಡಲ ದಂಡೆಯ ಉಪಾಧ್ಯಾಯರು, ಇನ್ನೊಬ್ಬರು ಭಾವನಗರದ ದಕ್ಷಿಣಾಮೂರ್ತಿ ಬಾಲಮಂದಿರದ ಗುರುಗಳು. ಗಿಜುಭಾಯಿಯವರನ್ನು ಗುಜರಾತಿಗರು ‘ಮೀಸೆಯ ತಾಯಿ’ ಎಂದೇ ಕರೆದರು. ಇಬ್ಬರೂ ಇಲಿ, ಕಾಗೆ, ಹೇನುಗಳನ್ನು ಕತೆಗೆ ಕರೆತಂದು, ಸಣ್ಣದರ ಕಣ್ಣಿನಿಂದ ದೊಡ್ಡ ಲೋಕವನ್ನು ತೋರಿಸಿದರು. ಶಿವರಾಮ ಕಾರಂತರು ‘ಬಾಲಪ್ರಪಂಚ’ದಲ್ಲಿ ಮಕ್ಕಳ ಕೈಗೆ ಇಡೀ ಜಗತ್ತನ್ನೇ ಇತ್ತರು. ಇವರಲ್ಲಿ ಯಾರೂ ಮಕ್ಕಳಿಂದ ಅಪಾಯವನ್ನು ಬಚ್ಚಿಡಲಿಲ್ಲ. ಇಂದು ನಮ್ಮ ಮನೆಗಳಲ್ಲಿ ಏನಾಗಿದೆ? ಮಗು ಅತ್ತರೆ ಕೈಗೆ ಮೊಬೈಲು. ಅದರಲ್ಲಿ ಮೊಸಳೆಯೂ ಇದೆ, ಬಣ್ಣ ಬಣ್ಣದ್ದು, ಇಂಗ್ಲಿಷಿನಲ್ಲಿ ಹಾಡುವಂಥದ್ದು. ಎರಡು ಮೈಲಿ ಆಚೆಯ ನದಿಯಲ್ಲಿ ಬಿಸಿಲು ಕಾಯುತ್ತಿರುವ ನಿಜವಾದ ಮೊಸಳೆಗೆ ಮಾತ್ರ ನಮ್ಮ ಮಕ್ಕಳ ಬಾಯಲ್ಲಿ ಕನ್ನಡದ ಹೆಸರಿಲ್ಲ.

ಹೆಸರಿನ ಮಾತು ಬಂತು. ಇಂಗ್ಲಿಷಿನವರು ಈ ಪ್ರಾಣಿಯನ್ನು ‘ಮಗ್ಗರ್’ ಎನ್ನುತ್ತಾರೆ. ಅದು ಹಿಂದಿ ಗುಜರಾತಿಗಳ ‘ಮಗರ್’. ಆ ಮಗರ್ ಸಂಸ್ಕೃತದ ‘ಮಕರ’. ನಾವು ಮೊಸಳೆ ಎನ್ನುತ್ತೇವೆ. ನಮ್ಮ ಹಳಗನ್ನಡದಲ್ಲಿ ‘ನೆಗಳ್’ ಎಂಬ ಚೆಲುವಾದ ಪದವೂ ಉಂಟು. ಮಕರಪುರ ಎಂಬ ಹೆಸರಿನ ಇತಿಹಾಸವೇನೇ ಇರಲಿ, ಮಕ್ಕಳಿಗೆ ಮಾತ್ರ ಇದು ಮೊಸಳೆಯ ಊರೇ. ಒಂದು ಪ್ರಾಣಿಗೆ ನಾಲ್ಕು ಹೆಸರು ಬಲ್ಲ ಮಗು ನಾಲ್ಕು ಮನೆಗಳಲ್ಲಿ ಬಳಕೆಯಿರುವ ಮಗು. ಗುಜರಾತಿಯನ್ನು ದೂರವಿಟ್ಟು ಕನ್ನಡ ಉಳಿಸಬೇಕೆಂದು ನಾನು ಎಂದೂ ನಂಬಿಲ್ಲ. ಆದರೆ ನಾಲ್ಕರಲ್ಲಿ ಒಂದು ಹೆಸರನ್ನು ಮನೆಯವರೇ ಕೊಡಬೇಕು. ಶಾಲೆ ಕೊಡುವುದಿಲ್ಲ, ಸರಕಾರವೂ ಕೊಡುವುದಿಲ್ಲ. ಮೊಸಳೆ ತಾಯಿ ಮರಿಯನ್ನು ಬಾಯಲ್ಲಿಟ್ಟುಕೊಂಡೇ ನೀರಿಗೆ ತಲುಪಿಸುತ್ತಾಳೆ. ನುಡಿಯೂ ಮಗುವನ್ನು ತಲುಪುವುದು ತಾಯಿತಂದೆಯರ ಬಾಯಿಂದಲೇ.

ಆದ್ದರಿಂದ ನಿರ್ಣಯ, ಘೋಷಣೆಗಳ ಬದಲು ಎರಡು ಸಣ್ಣ ಕೋರಿಕೆಗಳನ್ನಿಡುತ್ತೇನೆ. ವಾರಕ್ಕೊಂದು ರಾತ್ರಿ ಮನೆಯಲ್ಲಿ ಒಂದು ಕತೆಯನ್ನು ಕನ್ನಡದಲ್ಲಿ ಹೇಳಿ. ನೆನಪಿಗೆ ಬಾರದಿದ್ದರೆ ಪಕ್ಕದ ಮನೆಯ ಗುಜರಾತಿ ಅಜ್ಜಿಯಿಂದ ಕೇಳಿ ತಂದು ಹೇಳಿ. ಬರುವ ಚಳಿಗಾಲದ ಒಂದು ಬೆಳಗ್ಗೆ ಮಕ್ಕಳನ್ನು ಸೇತುವೆಯ ಮೇಲೆ ಸುರಕ್ಷಿತವಾಗಿ ನಿಲ್ಲಿಸಿ, ಬಿಸಿಲು ಕಾಯುವ ಮೊಸಳೆಯನ್ನು ತೋರಿಸಿ. ನೀರಿನ ಅಂಚಿಗೆ ಹೋಗಬಾರದು, ಮರಿಯನ್ನು ಕಂಡರೂ ಮುಟ್ಟಬಾರದು, ಅರಣ್ಯ ಇಲಾಖೆಗೆ ತಿಳಿಸಬೇಕು ಎಂಬುದನ್ನೂ ಅಲ್ಲಿಯೇ ಹೇಳಿಕೊಡಿ. ಅವರು ಕಂಡದ್ದನ್ನು ಕನ್ನಡದಲ್ಲಿ ಬರೆದು ತಂದರೆ, ತಪ್ಪು ಒಪ್ಪು ಏನೇ ಇರಲಿ, ನಮ್ಮ ಈ ಪತ್ರಿಕೆಯಲ್ಲಿ ಅಚ್ಚಾಗಲಿ ಎಂದು ಸಂಪಾದಕರನ್ನು ಬೇಡಿಕೊಳ್ಳುತ್ತೇನೆ.

ನನ್ನನ್ನು ಪ್ರಶ್ನೆ ಕೇಳಿದ ಹುಡುಗ ಇಲ್ಲಿಯೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾನೆ. ಅಂದು ನಾನು ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಇಂದು ಕೇಳಿಕೋ ಮಗಾ. ಮೊಸಳೆ ಮರಿಗೂ ಹೆದರಿಕೆ ಆಗ್ತದೆ. ಹೆದರಿದಾಗ ಅದು ನಾಚಿಕೆಪಡುವುದಿಲ್ಲ, ಗಟ್ಟಿಯಾಗಿ ಕೂಗುತ್ತದೆ. ಅದರ ಕೂಗು ಅರ್ಥವಾಗುವವರು ಹತ್ತಿರದಲ್ಲಿದ್ದರೆ ಬಂದೇ ಬರುತ್ತಾರೆ. ನೀನೂ ಕೂಗು; ನಾವು ಇಲ್ಲೇ ಇದ್ದೇವೆ.